ಮೊಲದ ಚಿತ್ರವೊಂದೇ ಸಾಲದು: ಪ್ರಾಣಿಹಿಂಸೆಯಿಲ್ಲದ ಸೋಪು, ಶಾಂಪೂ, ಪ್ರಸಾಧನಗಳತ್ತ ಹೊರಳುವ ಬಗೆ

ನಾವು ದಿನವೂ ಬಳಸುವ ಸೋಪು, ಶಾಂಪೂ, ಕಾಡಿಗೆ, ಲಿಪ್‌ಸ್ಟಿಕ್‌ಗಳಿಗಾಗಿ ಯಾವ ಪ್ರಾಣಿಯೂ ನೋವುಣ್ಣಬಾರದು ಎಂದು ಬಯಸುವವರು ಈಗ ನಮ್ಮ ನಡುವೆ ಕಡಿಮೆಯಿಲ್ಲ. ಆದರೆ ಅಂಗಡಿಯಲ್ಲಿ ನಿಂತು ಆರಿಸುವಾಗ ಗೊಂದಲವಾಗುತ್ತದೆ. ಒಂದು ಪೊಟ್ಟಣದ ಮೇಲೆ ಮೊಲದ ಚಿತ್ರವಿರುತ್ತದೆ, ಇನ್ನೊಂದರ ಮೇಲೆ ಹಸಿರು ಚುಕ್ಕೆ, ಮತ್ತೊಂದರ ಮೇಲೆ ‘ವೀಗನ್’ (ಪ್ರಾಣಿಗಳಿಂದ ಬಂದದ್ದೇನೂ ಇಲ್ಲದ್ದು) ಎಂಬ ಮಾತು, ನಾಲ್ಕನೆಯದರ ಮೇಲೆ ‘ಸಂಪೂರ್ಣ ನೈಸರ್ಗಿಕ’ ಎಂಬ ಘೋಷಣೆ. ಈ ನಾಲ್ಕೂ ಹೇಳುವುದು ಬೇರೆ ಬೇರೆ ಸಂಗತಿಗಳನ್ನು. ಕೊನೆಯದಂತೂ ಪ್ರಾಣಿಗಳ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ. ಯಾವುದನ್ನು ಎಷ್ಟರ ಮಟ್ಟಿಗೆ ನಂಬಬಹುದು, ಎಲ್ಲಿ ಕಂಪನಿಯನ್ನೇ ಕೇಳಬೇಕು, ಯಾವ ಕ್ರಮದಲ್ಲಿ ಬದಲಾಯಿಸಿಕೊಂಡರೆ ಹಣವೂ ಸಾಮಾನೂ ವ್ಯರ್ಥವಾಗದು ಎಂಬುದನ್ನು ಮುಂದೆ ಹಂತ ಹಂತವಾಗಿ ವಿವರಿಸಿದ್ದೇನೆ.

ಯಾವ ಹಿಂಸೆಯ ಮಾತು ಇದು

1944ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದಲ್ಲಿದ್ದ ವಿಷವಿಜ್ಞಾನಿ ಜಾನ್ ಡ್ರೇಜ್ ಒಂದು ಪರೀಕ್ಷಾ ವಿಧಾನವನ್ನು ಪ್ರಕಟಿಸಿದರು. ಬಿಳಿ ಮೊಲದ ಒಂದು ಕಣ್ಣಿಗೆ ಪರೀಕ್ಷಿಸಬೇಕಾದ ವಸ್ತುವನ್ನು ಹಾಕಿ, ಇನ್ನೊಂದು ಕಣ್ಣನ್ನು ಹೋಲಿಕೆಗಾಗಿ ಹಾಗೆಯೇ ಬಿಟ್ಟು, ಉರಿ, ಊತ, ಹುಣ್ಣು, ಕಣ್ಣಿನ ಪಾರದರ್ಶಕ ಪಟಲ ಮಸುಕಾಗುವುದು ಇತ್ಯಾದಿಗಳನ್ನು ದಿನಗಟ್ಟಲೆ ಗಮನಿಸಿ ಅಂಕ ಕೊಡುವ ವಿಧಾನ ಅದು. ಚರ್ಮಕ್ಕೂ ಇಂಥದೇ ಪರೀಕ್ಷೆಯಿದೆ: ಮೊಲದ ರೋಮವನ್ನು ಬೋಳಿಸಿ ವಸ್ತುವನ್ನು ಲೇಪಿಸುತ್ತಾರೆ. ಅಲರ್ಜಿಯನ್ನು ತಿಳಿಯಲು ಗಿನಿಯಿಲಿಗಳನ್ನೂ ಇಲಿಗಳನ್ನೂ ಬಳಸುತ್ತಾರೆ. ಪರೀಕ್ಷೆ ಮುಗಿದ ಮೇಲೆ ಈ ಪ್ರಾಣಿಗಳನ್ನು ಸಾಮಾನ್ಯವಾಗಿ ಕೊಲ್ಲಲಾಗುತ್ತದೆ. ಮೊಲದ ಕಣ್ಣು ಮನುಷ್ಯರ ಕಣ್ಣಿನಷ್ಟು ನೀರು ಸುರಿಸುವುದಿಲ್ಲವಾದ್ದರಿಂದ ಬಿದ್ದ ರಾಸಾಯನಿಕವು ಹೆಚ್ಚು ಹೊತ್ತು ಅಲ್ಲೇ ಉಳಿಯುತ್ತದೆ. ಇದರ ಫಲಿತಾಂಶ ನಮ್ಮ ಕಣ್ಣಿಗೆ ಎಷ್ಟು ಅನ್ವಯಿಸುತ್ತದೆ ಎಂಬ ಪ್ರಶ್ನೆಯನ್ನು ವಿಜ್ಞಾನಿಗಳೇ ಎತ್ತಿದ್ದಾರೆ.

ಇಂದು ಇದಕ್ಕೆ ಪರ್ಯಾಯಗಳಿವೆ. ಮನುಷ್ಯರ ಚರ್ಮಕೋಶಗಳನ್ನು ಪ್ರಯೋಗಾಲಯದಲ್ಲಿ ಪದರ ಪದರವಾಗಿ ಬೆಳೆಸಿ, ಆ ಕೃತಕ ಚರ್ಮದ ಮೇಲೆ ವಸ್ತು ಕೆರಳಿಕೆ ಉಂಟುಮಾಡುತ್ತದೆಯೇ ಎಂದು ನೋಡುವ ವಿಧಾನಕ್ಕೆ ಹಲವು ದೇಶಗಳು ಸೇರಿರುವ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯು (ಓಇಸಿಡಿ) 2010ರಲ್ಲೇ ಮಾನ್ಯತೆ ಕೊಟ್ಟಿದೆ. ಜೊತೆಗೆ, ದಶಕಗಳಿಂದ ಬಳಕೆಯಲ್ಲಿದ್ದು ಸುರಕ್ಷಿತವೆಂದು ಗೊತ್ತಿರುವ ಸಾವಿರಾರು ಘಟಕಗಳಿರುವಾಗ, ಹೊಸದೊಂದು ಲಿಪ್‌ಸ್ಟಿಕ್ ಮಾಡಲು ಯಾವ ಪ್ರಾಣಿಯ ಮೇಲೂ ಪ್ರಯೋಗ ನಡೆಸುವ ಅಗತ್ಯವೇ ಇಲ್ಲ.

ನಮ್ಮ ಕಾನೂನು ಎಲ್ಲಿಯವರೆಗೆ ಕಾಯುತ್ತದೆ

ಈ ವಿಷಯದಲ್ಲಿ ಭಾರತ ದಕ್ಷಿಣ ಏಷ್ಯಾದಲ್ಲೇ ಮೊದಲು ಹೆಜ್ಜೆಯಿಟ್ಟ ದೇಶ. 2014ರ ಮೇ ತಿಂಗಳಲ್ಲಿ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಕೇಂದ್ರ ಸರ್ಕಾರ ನಿಷೇಧಿಸಿತು. ಅದೇ ವರ್ಷದ ನವೆಂಬರಿನಿಂದ, ಹಾಗೆ ಪರೀಕ್ಷಿಸಿದ ಸರಕನ್ನು ಹೊರದೇಶಗಳಿಂದ ಆಮದು ಮಾಡಿಕೊಳ್ಳುವುದೂ ನಿಷಿದ್ಧವಾಯಿತು. ಐರೋಪ್ಯ ಒಕ್ಕೂಟವು ಇಂಥ ಸರಕಿನ ಮಾರಾಟಕ್ಕೆ 2013ರ ಮಾರ್ಚ್‌ನಲ್ಲಿ ಪೂರ್ಣ ತಡೆಯೊಡ್ಡಿತ್ತು. ಕೆನಡಾ 2023ರ ಡಿಸೆಂಬರಿನಲ್ಲಿ ಈ ಸಾಲಿಗೆ ಸೇರಿತು. ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಲ್ಲಿ ನಿಷೇಧವಿದೆಯೇ ಹೊರತು ಇಡೀ ದೇಶಕ್ಕೆ ಅನ್ವಯಿಸುವ ಕಾನೂನಿಲ್ಲ. ಅಲ್ಲಿರುವ ಕನ್ನಡಿಗರೂ, ಅಲ್ಲಿಂದ ಬರುವ ಬಂಧುಗಳಿಗೆ ‘ಲೋಶನ್ ತನ್ನಿ’ ಎಂದು ಹೇಳಿಕಳಿಸುವವರೂ ಇದನ್ನು ನೆನಪಿಟ್ಟುಕೊಳ್ಳಬೇಕು.

ಹಾಗಾದರೆ ಭಾರತದಲ್ಲಿ ಮಾರಾಟವಾಗುವುದೆಲ್ಲ ಹಿಂಸಾಮುಕ್ತ ಎಂದು ನಿಶ್ಚಿಂತರಾಗಬಹುದೇ? ಆಗದು, ಮತ್ತು ಈ ಲೇಖನದ ಮುಖ್ಯ ಮಾತು ಇದೇ. ಕಾನೂನು ಸೌಂದರ್ಯವರ್ಧಕಗಳಿಗೆ ಮಾತ್ರ ಅನ್ವಯಿಸುತ್ತದೆ. ನೆಲ ಒರೆಸುವ ದ್ರಾವಣ, ಬಟ್ಟೆ ತೊಳೆಯುವ ಪುಡಿ, ಶೌಚಾಲಯದ ಕ್ಲೀನರ್ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಆಯುರ್ವೇದ ಔಷಧವೆಂದು ಪರವಾನಗಿ ಪಡೆದ ಹಲ್ಲಿನ ಪೇಸ್ಟು, ತಲೆಗೆ ಹಚ್ಚುವ ಎಣ್ಣೆಗಳಿಗೆ ಬೇರೆಯೇ ನಿಯಮಗಳಿವೆ. ಎರಡನೆಯದಾಗಿ, ಒಂದೇ ರಾಸಾಯನಿಕವು ಶಾಂಪೂವಿನಲ್ಲೂ ಬಣ್ಣದ ಕಾರ್ಖಾನೆಯಲ್ಲೂ ಬಳಕೆಯಾಗುವುದುಂಟು. ಎರಡನೆಯ ಉದ್ದೇಶಕ್ಕಾಗಿ ಅದನ್ನು ಇನ್ನೊಂದು ಕಾನೂನಿನಡಿ ಪ್ರಾಣಿಗಳ ಮೇಲೆ ಪರೀಕ್ಷಿಸಿರಬಹುದು. ಐರೋಪ್ಯ ಒಕ್ಕೂಟದಲ್ಲಿ ಇದಕ್ಕಿಂತ ಬೇಸರದ ಸಂಗತಿ ನಡೆದಿದೆ. ಸನ್‌ಸ್ಕ್ರೀನ್‌ಗಳಲ್ಲಿ ಬಳಸುವ ಹೋಮೊಸಲೇಟ್ ಮತ್ತು ಈಥೈಲ್‌ಹೆಕ್ಸೈಲ್ ಸ್ಯಾಲಿಸಿಲೇಟ್ ಎಂಬ ಎರಡು ಘಟಕಗಳನ್ನು ತಯಾರಿಸುವಾಗ ಕಾರ್ಮಿಕರಿಗೆ ಆಗಬಹುದಾದ ಅಪಾಯವನ್ನು ತಿಳಿಯಲು ಪ್ರಾಣಿಪರೀಕ್ಷೆ ಬೇಕೆಂದು ಅಲ್ಲಿನ ರಾಸಾಯನಿಕ ನಿಯಂತ್ರಣ ಸಂಸ್ಥೆ ಪಟ್ಟುಹಿಡಿಯಿತು. ಅವು ಸೌಂದರ್ಯವರ್ಧಕಗಳಿಗಷ್ಟೇ ಬಳಕೆಯಾಗುವುದರಿಂದ ಪ್ರಾಣಿಪರೀಕ್ಷೆ ಸಲ್ಲದು ಎಂಬ ತಯಾರಕ ಸಂಸ್ಥೆ ಸಿಮ್ರೈಸ್‌ನ ವಾದವನ್ನು 2023ರ ನವೆಂಬರಿನಲ್ಲಿ ನ್ಯಾಯಾಲಯ ತಳ್ಳಿಹಾಕಿತು. ಮೂರನೆಯದು ಹೊರದೇಶದ ಮಾರುಕಟ್ಟೆ. ಆಮದಾಗುವ ಪ್ರಸಾಧನಗಳಿಗೆ ಪ್ರಾಣಿಪರೀಕ್ಷೆಯನ್ನು ಚೀನಾ ಬಹುಕಾಲ ಕಡ್ಡಾಯ ಮಾಡಿತ್ತು. 2021ರ ಮೇ 1ರಿಂದ ಸಾಮಾನ್ಯ ಬಗೆಯ ಪ್ರಸಾಧನಗಳಿಗೆ ಷರತ್ತುಗಳೊಂದಿಗೆ ವಿನಾಯಿತಿ ಸಿಕ್ಕಿದೆ. ಕೂದಲಿನ ಡೈ, ಸನ್‌ಸ್ಕ್ರೀನ್, ಚರ್ಮ ಬಿಳಿಯಾಗಿಸುವ ಕ್ರೀಮುಗಳಂಥ ವಿಶೇಷ ಬಗೆಯವಕ್ಕೆ ಅದು ದೊರೆತಿರಲಿಲ್ಲ.

ಮೊದಲ ಹೆಜ್ಜೆ: ಮನೆಯಲ್ಲಿರುವುದನ್ನು ಪಟ್ಟಿ ಮಾಡಿ, ಎಸೆಯಬೇಡಿ

ಬಚ್ಚಲುಮನೆ, ಡ್ರೆಸ್ಸಿಂಗ್ ಟೇಬಲ್, ಕೈಚೀಲ, ಸಿಂಕಿನ ಕೆಳಗಿನ ಗೂಡು, ಎಲ್ಲೆಡೆ ಇರುವುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಪ್ರತಿಯೊಂದರ ಮುಂದೆ ತಯಾರಕರ ಹೆಸರು, ಅದು ಇನ್ನೆಷ್ಟು ದಿನ ಬರಬಹುದು ಎಂಬ ಅಂದಾಜು, ಡಬ್ಬಿಯ ಮೇಲೆ ಪ್ರಾಣಿಗಳ ಬಗ್ಗೆ ಏನಾದರೂ ಬರೆದಿದ್ದರೆ ಅದು, ಇಷ್ಟಿದ್ದರೆ ಸಾಕು. ಉತ್ಸಾಹದಲ್ಲಿ ಎಲ್ಲವನ್ನೂ ಕಸದ ಬುಟ್ಟಿಗೆ ಹಾಕುವವರಿದ್ದಾರೆ. ಅದರಿಂದ ಯಾವ ಪ್ರಾಣಿಗೂ ಉಪಕಾರವಾಗದು; ನೀವು ಕೊಟ್ಟ ಹಣ ಆಗಲೇ ಕಂಪನಿಯನ್ನು ತಲುಪಿದೆ, ಕಸ ಮಾತ್ರ ಹೆಚ್ಚುತ್ತದೆ. ಬಳಸಿ ಮುಗಿಸಿ. ಬಳಸಲು ಮನಸ್ಸೊಪ್ಪದಿದ್ದರೆ, ಮುಚ್ಚಳ ತೆರೆಯದ್ದನ್ನು ಬೇಕಾದವರಿಗೆ ಕೊಟ್ಟುಬಿಡಿ. ಕಣ್ಣಿಗೆ ಹಚ್ಚುವಂಥವು ಹಳೆಯದಾಗಿದ್ದರೆ ಮಾತ್ರ ಎಸೆಯುವುದೇ ಸರಿ. ತೆರೆದ ಡಬ್ಬಿಯ ಪುಟ್ಟ ಚಿತ್ರದೊಳಗೆ ತಿಂಗಳುಗಳ ಸಂಖ್ಯೆ ಅಚ್ಚಾಗಿದ್ದರೆ, ತೆರೆದ ಮೇಲೆ ಅಷ್ಟು ಕಾಲ ಅದನ್ನು ಬಳಸಬಹುದು ಎಂದರ್ಥ.

ಬದಲಾವಣೆಯನ್ನು ಲಿಪ್‌ಸ್ಟಿಕ್‌ನಿಂದ ಆರಂಭಿಸುವವರೇ ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಸೋಪು, ಹಲ್ಲಿನ ಪೇಸ್ಟು, ಶಾಂಪೂ, ಬಟ್ಟೆಯ ಪುಡಿಗಳಿಂದ ಆರಂಭಿಸುವುದು ಮೇಲು. ಒಂದು ಲಿಪ್‌ಸ್ಟಿಕ್ ವರ್ಷವಿಡೀ ಬರುತ್ತದೆ. ನಾಲ್ವರ ಮನೆಯಲ್ಲಿ ಸೋಪು ಪ್ರತಿ ತಿಂಗಳೂ ಬೇಕು. ನಮ್ಮ ಹಣ ಹೆಚ್ಚು ಹರಿಯುವುದು ದಿನಬಳಕೆಯ ಈ ವಸ್ತುಗಳತ್ತಲೇ ಆದ್ದರಿಂದ ಬದಲಾವಣೆಯ ಪರಿಣಾಮವೂ ಅಲ್ಲಿಯೇ ಹೆಚ್ಚು.

ಎರಡನೆಯ ಹೆಜ್ಜೆ: ಗುರುತುಗಳನ್ನು ಓದಲು ಕಲಿಯಿರಿ

‘ಕ್ರೂಯೆಲ್ಟಿ-ಫ್ರೀ’ ಎಂದು ಅಚ್ಚುಹಾಕಿಕೊಂಡ ಮಾತ್ರಕ್ಕೆ ಅದರ ಹಿಂದೆ ಯಾರಾದರೂ ಪರಿಶೀಲನೆ ನಡೆಸಿದ್ದಾರೆ ಎಂದಾಗದು. ಮೊಲದ ಚಿತ್ರವನ್ನೂ ಯಾರು ಬೇಕಾದರೂ ತಮಗೆ ತೋಚಿದಂತೆ ಬರೆಸಿಕೊಳ್ಳಬಹುದು. ಭಾರತದಲ್ಲಿ ಪರೀಕ್ಷೆಗೆ ಹೇಗೂ ನಿಷೇಧವಿರುವಾಗ, ‘ನಾವು ಪ್ರಾಣಿಗಳ ಮೇಲೆ ಪರೀಕ್ಷಿಸುವುದಿಲ್ಲ’ ಎಂಬ ವಾಕ್ಯವು ಎಷ್ಟೋ ಸಲ ಕಾನೂನನ್ನು ಪಾಲಿಸುತ್ತಿದ್ದೇವೆ ಎಂಬುದಕ್ಕಿಂತ ಹೆಚ್ಚೇನನ್ನೂ ಹೇಳುವುದಿಲ್ಲ.

ಎರಡು ಗುರುತುಗಳು ಲೋಕಪ್ರಸಿದ್ಧ. ಮೊದಲನೆಯದು ನೆಗೆಯುವ ಮೊಲದ ‘ಲೀಪಿಂಗ್ ಬನ್ನಿ’. ಅಮೆರಿಕದ ಪ್ರಾಣಿದಯಾ ಸಂಸ್ಥೆಗಳು 1996ರಲ್ಲಿ ಕೂಡಿ ಕಟ್ಟಿದ ಒಕ್ಕೂಟ ಮತ್ತು ಬ್ರಿಟನ್ನಿನ ಕ್ರೂಯೆಲ್ಟಿ ಫ್ರೀ ಇಂಟರ್‌ನ್ಯಾಷನಲ್ ಇದನ್ನು ನಡೆಸುತ್ತವೆ. ಇದನ್ನು ಪಡೆಯುವ ಕಂಪನಿಯು ಒಂದು ದಿನಾಂಕವನ್ನು ಗೊತ್ತುಮಾಡಿ, ಅದರ ನಂತರ ತಾನಾಗಲಿ ತನಗೆ ಕಚ್ಚಾವಸ್ತು ಪೂರೈಸುವವರಾಗಲಿ ಪ್ರಾಣಿಪರೀಕ್ಷೆ ನಡೆಸಿಲ್ಲವೆಂದು ತೋರಿಸಿಕೊಡಬೇಕು, ಪ್ರತಿವರ್ಷ ಒಪ್ಪಂದವನ್ನು ನವೀಕರಿಸಬೇಕು, ಹೊರಗಿನವರ ತಪಾಸಣೆಗೆ ಒಪ್ಪಬೇಕು. ಕಚ್ಚಾವಸ್ತುವಿನ ಮೂಲದವರೆಗೂ ಹೋಗಿ ಕೇಳುವುದರಿಂದ ಇದನ್ನೇ ನಾನು ಹೆಚ್ಚು ನಂಬುತ್ತೇನೆ. ಎರಡನೆಯದು ಪ್ರಾಣಿಗಳ ಹಕ್ಕುಗಳಿಗಾಗಿ ಹೋರಾಡುವ ಪೇಟಾ ಸಂಸ್ಥೆಯ ಗುರುತು. ಇದು ಮುಖ್ಯವಾಗಿ ಕಂಪನಿ ಸಹಿಮಾಡಿ ಕೊಡುವ ಲಿಖಿತ ಭರವಸೆಯನ್ನು ಆಧರಿಸಿದೆ. ಭಾರತದ ಹಲವು ಹೊಸ ಬ್ರ್ಯಾಂಡುಗಳು ಈ ಪಟ್ಟಿಯಲ್ಲಿವೆ. ಇದರಲ್ಲಿ ಎರಡು ದರ್ಜೆಗಳಿವೆ: ಪರೀಕ್ಷೆ ಮಾತ್ರ ಇಲ್ಲದ್ದು ಒಂದು, ಪರೀಕ್ಷೆಯೂ ಪ್ರಾಣಿಜನ್ಯ ಘಟಕಗಳೂ ಇಲ್ಲದ್ದು ಇನ್ನೊಂದು. ಎರಡೂ ಸಂಸ್ಥೆಗಳ ಪಟ್ಟಿಗಳು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಪೊಟ್ಟಣದ ಚಿತ್ರವನ್ನು ನೋಡಿ ಸುಮ್ಮನಾಗದೆ ಆ ಪಟ್ಟಿಯಲ್ಲಿ ಹೆಸರು ಹುಡುಕುವುದೇ ಸರಿಯಾದ ಕ್ರಮ.

ಇನ್ನು ಹಸಿರು ಚುಕ್ಕೆ. ಆಹಾರದ ಪೊಟ್ಟಣಗಳ ಮೇಲೆ ಕಾಣುವಂಥದೇ ಚುಕ್ಕೆಯನ್ನು ಕೆಲವು ಸೋಪು, ಶಾಂಪೂಗಳೂ ಹೊತ್ತಿರುತ್ತವೆ. ಅದು ಘಟಕಗಳು ಸಸ್ಯಾಹಾರಿ ಮೂಲದವು ಎಂದಷ್ಟೇ ಹೇಳುತ್ತದೆ. ಪರೀಕ್ಷೆಯ ಬಗ್ಗೆ ಮೌನವಾಗಿದೆ. ಹಾಲು, ಜೇನುಗಳಿರುವ ಆಹಾರಕ್ಕೂ ನಮ್ಮಲ್ಲಿ ಹಸಿರು ಚುಕ್ಕೆಯೇ ಇರುವುದರಿಂದ ಅದನ್ನು ವೀಗನ್ ಎಂದೂ ಓದಬಾರದು. ಇದಕ್ಕೆ ವಿರುದ್ಧವಾದದ್ದೂ ನಿಜ: ಲೀಪಿಂಗ್ ಬನ್ನಿ ಇರುವ ತುಟಿಮುಲಾಮಿನಲ್ಲಿ ಜೇನುಮೇಣ ಇರಬಹುದು, ಏಕೆಂದರೆ ಆ ಗುರುತಿಗೆ ಸಂಬಂಧಿಸಿದ್ದು ಪರೀಕ್ಷೆ ಮಾತ್ರ.

ಮೂರನೆಯ ಹೆಜ್ಜೆ: ಘಟಕಗಳ ಪಟ್ಟಿ

ಪರೀಕ್ಷೆ ಬೇಡವೆನ್ನುವವರೆಲ್ಲರೂ ಪ್ರಾಣಿಜನ್ಯ ಘಟಕಗಳನ್ನು ಬಿಡಬೇಕೆಂದೇನೂ ಇಲ್ಲ. ಆ ಗೆರೆಯನ್ನು ಪ್ರತಿಯೊಬ್ಬರೂ ತಾವೇ ಎಳೆದುಕೊಳ್ಳಬೇಕು. ಆದರೆ ತಿಳಿದು ಎಳೆದುಕೊಳ್ಳುವುದು ಒಳ್ಳೆಯದು.

ಕೆಂಪು, ಗುಲಾಬಿ ಬಣ್ಣದ ಲಿಪ್‌ಸ್ಟಿಕ್, ಬ್ಲಶ್‌ಗಳಲ್ಲಿ ‘ಕಾರ್ಮೈನ್’ ಅಥವಾ ‘ಸಿಐ 75470’ ಎಂದು ಕಂಡರೆ ಅದು ಕೊಚಿನೀಲ್ ಎಂಬ ಕೀಟವನ್ನು ಒಣಗಿಸಿ ಅರೆದು ತೆಗೆದ ಬಣ್ಣ. ಈ ಕೀಟ ಬದುಕುವುದು ಪಾಪಸುಕಳ್ಳಿಯ ಮೇಲೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಈ ಬಣ್ಣದ ವ್ಯಾಪಾರಕ್ಕೆಂದೇ ಮದರಾಸಿನಲ್ಲಿ ಕಳ್ಳಿಯನ್ನೂ ಕೀಟವನ್ನೂ ಬೆಳೆಸಲು ಯತ್ನಿಸಿತ್ತು. ಬಣ್ಣದ ವ್ಯಾಪಾರ ಕುದುರಲಿಲ್ಲ, ದಕ್ಷಿಣದ ಬಯಲುಗಳ ಬೇಲಿ ಬೇಲಿಗಳಲ್ಲಿ ಪಾಪಸುಕಳ್ಳಿ ಹಬ್ಬಿತು. ಕಾರ್ಮೈನ್ ಬೇಡವಾದರೆ ಕಬ್ಬಿಣದ ಆಕ್ಸೈಡುಗಳಿಂದಲೋ ಕೃತಕ ವರ್ಣಗಳಿಂದಲೋ ಕೆಂಪಾದ ಲಿಪ್‌ಸ್ಟಿಕ್‌ಗಳು ಬೇಕಾದಷ್ಟಿವೆ.

‘ಲ್ಯಾನೊಲಿನ್’ ಎಂದರೆ ಕುರಿಯ ಉಣ್ಣೆಯಿಂದ ತೆಗೆದ ಜಿಡ್ಡು. ತುಟಿ ಮತ್ತು ಹಿಮ್ಮಡಿಯ ಮುಲಾಮುಗಳಲ್ಲಿ ಹೆಚ್ಚು. ‘ಸೆರಾ ಆಲ್ಬಾ’ ಜೇನುಮೇಣ. ಕಾಡಿಗೆ ಕಡ್ಡಿಗಳಲ್ಲೂ ಇರುತ್ತದೆ. ‘ಶೆಲ್ಯಾಕ್’ ಅರಗಿನ ಹುಳು ಸ್ರವಿಸುವ ರಾಳ. ‘ಗ್ವಾನಿನ್’ ಅಥವಾ ‘ಸಿಐ 75170’ ಮೀನಿನ ಹುರುಪೆಯಿಂದ ಬರುವ ಮುತ್ತಿನ ಹೊಳಪು. ಕೂದಲಿಗೆಂದು ಮಾರುವ ‘ಕೆರಟಿನ್’ ಸಾಮಾನ್ಯವಾಗಿ ಉಣ್ಣೆ, ಗರಿ, ಕೊಂಬು, ಗೊರಸುಗಳದ್ದು. ‘ಸೋಡಿಯಂ ಟ್ಯಾಲೊವೇಟ್’ ಎಂದರೆ ಪ್ರಾಣಿಕೊಬ್ಬಿನ ಸೋಪು. ‘ಸೋಡಿಯಂ ಪಾಮೇಟ್’ ತಾಳೆ ಎಣ್ಣೆಯದ್ದು. ‘ಸ್ಕ್ವಾಲೀನ್’ ಶಾರ್ಕಿನ ಯಕೃತ್ತಿನಿಂದಲೂ ಬರುತ್ತದೆ. ಅದರಿಂದಲೇ ಪಡೆಯುವ ‘ಸ್ಕ್ವಾಲೇನ್’ಗೆ ಈಗ ಆಲಿವ್, ಕಬ್ಬುಗಳ ಮೂಲವೂ ಇದೆ. ಗ್ಲಿಸರಿನ್, ಸ್ಟಿಯರಿಕ್ ಆಮ್ಲ ಎರಡು ಮೂಲದಿಂದಲೂ ಬರಬಹುದಾದ್ದರಿಂದ ಪೊಟ್ಟಣ ನೋಡಿ ಹೇಳಲಾಗದು, ಕೇಳಿಯೇ ತಿಳಿಯಬೇಕು.

ಸುಗಂಧದ ಮಾತು ಬಂದಾಗ ನಮ್ಮವರಿಗೆ ಕಸ್ತೂರಿ, ಪುನುಗು ನೆನಪಾಗುತ್ತವೆ. ಕಸ್ತೂರಿಯೆಂದರೆ ಗಂಡು ಕಸ್ತೂರಿಮೃಗದ ಗ್ರಂಥಿಯ ಸ್ರಾವ. ಅದಕ್ಕಾಗಿ ಆ ಮೃಗವನ್ನು ಬೇಟೆಯಾಡಿ ಅಳಿವಿನಂಚಿಗೆ ತಂದಿದ್ದಾರೆ. ಪುನುಗು, ಪುನುಗುಬೆಕ್ಕಿನ ಗ್ರಂಥಿಯ ಸ್ರಾವ. ಎರಡೂ ಪ್ರಾಣಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಇಂದಿನ ಸೆಂಟುಗಳ ‘ಮಸ್ಕ್’ ಬಹುಪಾಲು ಕೃತಕ. ಆದರೆ ಅತ್ತರು ಮಾರುವವರು ‘ಅಸಲಿ ಕಸ್ತೂರಿ’ ಎಂದು ಆಸೆ ತೋರಿಸಿದರೆ ಅಲ್ಲಿಂದ ಹೊರಟುಬಿಡಿ.

ಬ್ರಷ್‌ಗಳನ್ನು ಮರೆಯಬೇಡಿ. ಮೇಕಪ್ ಬ್ರಷ್‌ಗಳಲ್ಲಿ ಮೇಕೆ, ಅಳಿಲುಗಳ ರೋಮ, ದುಬಾರಿ ಕೃತಕ ರೆಪ್ಪೆಗಳಲ್ಲಿ ಮಿಂಕ್ ರೋಮ, ಶೇವಿಂಗ್ ಬ್ರಷ್‌ನಲ್ಲಿ ಬ್ಯಾಜರ್ ರೋಮ ಇರುವುದುಂಟು. ‘ಸಿಂಥೆಟಿಕ್’ ಎಂದು ಬರೆದಿರುವುದನ್ನೇ ಆರಿಸಿ, ತೊಳೆಯುವುದೂ ಸುಲಭ.

ನಾಲ್ಕನೆಯ ಹೆಜ್ಜೆ: ಕಂಪನಿಗೆ ಬರೆಯಿರಿ

ನೆಚ್ಚಿನ ಸೋಪು ಯಾವ ಪಟ್ಟಿಯಲ್ಲೂ ಇಲ್ಲದಿದ್ದರೆ ಅದು ಕೆಟ್ಟದ್ದೆಂದು ತೀರ್ಮಾನಿಸಬೇಕಿಲ್ಲ. ಸಣ್ಣ ಊರುಗಳ ಸಣ್ಣ ತಯಾರಕರು ಇಂಥ ಗುರುತುಗಳ ಗೋಜಿಗೇ ಹೋಗಿರುವುದಿಲ್ಲ. ಪೊಟ್ಟಣದ ಮೇಲೆ ಗ್ರಾಹಕರ ದೂರಿಗಾಗಿ ಮಿಂಚಂಚೆ, ದೂರವಾಣಿ ಸಂಖ್ಯೆ ಇರುತ್ತವೆ. ಪ್ರಶ್ನೆಗಳು ಖಚಿತವಾಗಿದ್ದಷ್ಟೂ ಜಾರಿಕೊಳ್ಳುವ ಉತ್ತರಕ್ಕೆ ಎಡೆ ಕಡಿಮೆ. ಹೀಗೆ ಬರೆಯಬಹುದು:

“ಮಾನ್ಯರೇ, ನಿಮ್ಮ ಈ ಉತ್ಪನ್ನವನ್ನು ನಮ್ಮ ಮನೆಯಲ್ಲಿ ಬಳಸುತ್ತಿದ್ದೇವೆ. ಸಿದ್ಧ ಉತ್ಪನ್ನವನ್ನಾಗಲಿ ಅದರ ಯಾವುದೇ ಘಟಕವನ್ನಾಗಲಿ ನೀವು, ನಿಮ್ಮ ಪೂರೈಕೆದಾರರು ಅಥವಾ ನಿಮ್ಮ ಪರವಾಗಿ ಬೇರೆಯವರು ಪ್ರಾಣಿಗಳ ಮೇಲೆ ಪರೀಕ್ಷಿಸಿದ್ದಾರೆಯೇ? ಯಾವ ದಿನಾಂಕದ ನಂತರ ಪರೀಕ್ಷಿಸಿಲ್ಲ? ಪ್ರಾಣಿಪರೀಕ್ಷೆಯನ್ನು ಕಡ್ಡಾಯಗೊಳಿಸಿರುವ ಯಾವುದಾದರೂ ದೇಶದಲ್ಲಿ ಇದನ್ನು ಮಾರುತ್ತೀರಾ? ಇದರಲ್ಲಿರುವ ಗ್ಲಿಸರಿನ್ ಮತ್ತು ಸ್ಟಿಯರಿಕ್ ಆಮ್ಲದ ಮೂಲ ಸಸ್ಯವೇ, ಪ್ರಾಣಿಯೇ? ದಯವಿಟ್ಟು ಲಿಖಿತವಾಗಿ ತಿಳಿಸಿ.”

ಎಲ್ಲ ಪ್ರಶ್ನೆಗಳಿಗೂ ನೇರ ಉತ್ತರ ಬಂದರೆ ಆ ಪತ್ರವನ್ನು ಇಟ್ಟುಕೊಳ್ಳಿ. ‘ಕಾನೂನಿನ ಅಗತ್ಯವಿರುವಲ್ಲಿ ಹೊರತು ನಾವು ಪರೀಕ್ಷಿಸುವುದಿಲ್ಲ’ ಎಂದು ಬರೆದರೆ, ಅಂಥ ಅಗತ್ಯವಿರುವ ಕಡೆ ಪರೀಕ್ಷೆ ನಡೆಯುತ್ತದೆ ಎಂದೇ ತಿಳಿಯಬೇಕು. ‘ಸಿದ್ಧ ಉತ್ಪನ್ನವನ್ನು ಪರೀಕ್ಷಿಸುವುದಿಲ್ಲ’ ಎಂದಷ್ಟೇ ಹೇಳಿದರೆ ಘಟಕಗಳ ಪ್ರಶ್ನೆ ಹಾಗೆಯೇ ಉಳಿಯಿತು, ಮತ್ತೆ ಕೇಳಿ.

ಮಾತೃಸಂಸ್ಥೆಯ ಪ್ರಶ್ನೆಯೂ ಇಲ್ಲಿ ಏಳುತ್ತದೆ. 1976ರಲ್ಲಿ ಅನಿತಾ ರಾಡಿಕ್ ಆರಂಭಿಸಿದ, ಪ್ರಾಣಿಪರೀಕ್ಷೆಯ ವಿರುದ್ಧದ ಚಳವಳಿಗೆ ಹೆಸರಾದ ಪ್ರಸಾಧನ ಕಂಪನಿ ದಿ ಬಾಡಿ ಶಾಪ್ ಅನ್ನು 2006ರಲ್ಲಿ ಪ್ರಸಾಧನಗಳ ದೈತ್ಯ ಕಂಪನಿ ಲೊರಿಯಾಲ್ ಕೊಂಡುಕೊಂಡಾಗ ಅದರ ಎಷ್ಟೋ ಗ್ರಾಹಕರು ಸಿಟ್ಟಿನಿಂದ ದೂರ ಸರಿದರು. ಡವ್ 2018ರಲ್ಲಿ ಪೇಟಾದ ಪಟ್ಟಿಗೆ ಸೇರಿತು, ಆದರೆ ಅದರ ಒಡೆತನದ ಯೂನಿಲಿವರ್‌ಗೆ ಬೇರೆ ಹತ್ತಾರು ಬ್ರ್ಯಾಂಡುಗಳಿವೆ. ಇಂಥ ಕಡೆ ಕೊಳ್ಳಬೇಕೇ ಬೇಡವೇ? ದೊಡ್ಡ ಕಂಪನಿಯ ಒಳ್ಳೆಯ ಬ್ರ್ಯಾಂಡನ್ನು ಕೊಂಡರೆ ಆ ದಾರಿಗೆ ಬೇಡಿಕೆಯಿದೆ ಎಂಬುದು ಕಂಪನಿಗೆ ಲೆಕ್ಕದಲ್ಲೇ ಕಾಣುತ್ತದೆ. ಆದ್ದರಿಂದ ನಾನು ಕೊಳ್ಳುವ ಪಕ್ಷದವಳು. ಲಾಭ ಕೊನೆಗೆ ಎಲ್ಲಿ ಸೇರುತ್ತದೆ ಎಂದು ನೋಡಿ ಬೇಡವೆನ್ನುವವರ ನಿಲುವನ್ನೂ ಗೌರವಿಸುತ್ತೇನೆ.

ಐದನೆಯ ಹೆಜ್ಜೆ: ಒಂದೊಂದಾಗಿ ಬದಲಿಸಿ

ಹಳೆಯದು ಮುಗಿಯುತ್ತ ಬಂದಾಗ ಹೊಸದನ್ನು ಸಣ್ಣ ಪ್ಯಾಕಿನಲ್ಲಿ ತನ್ನಿ. ಮೊಣಕೈಯ ಒಳಬದಿಗೆ ಸ್ವಲ್ಪ ಹಚ್ಚಿ ಎರಡು ದಿನ ಕಾದು, ತುರಿಕೆ, ದದ್ದು ಏಳದಿದ್ದರೆ ಬಳಸಿ. ಒಂದೇ ವಾರದಲ್ಲಿ ಮೂರ‍್ನಾಲ್ಕನ್ನು ಬದಲಿಸಿದರೆ, ಚರ್ಮ ಕೆರಳಿದಾಗ ಯಾವುದರಿಂದ ಎಂದು ಗೊತ್ತಾಗುವುದಿಲ್ಲ.

ಹಿಂಸೆಯಿಲ್ಲದ್ದು ಎಂದರೆ ದುಬಾರಿ ಎಂಬ ಭಾವನೆ ಬೇಡ. ನಮ್ಮ ಅಡುಗೆಮನೆ, ಹಿತ್ತಲುಗಳಲ್ಲಿ ಇರುವುದು ಸಾಕಷ್ಟಿದೆ. ಸೀಗೆಕಾಯಿ, ಅಂಟುವಾಳಕಾಯಿ, ನೆನೆಸಿ ಅರೆದ ಮೆಂತ್ಯ, ದಾಸವಾಳದ ಎಲೆಯನ್ನು ಕಿವುಚಿ ತೆಗೆದ ಲೋಳೆ ತಲೆಗೆ. ಕಡಲೆಹಿಟ್ಟು, ಹೆಸರುಹಿಟ್ಟು ಮೈಗೆ. ಕೊಬ್ಬರಿ ಎಣ್ಣೆ ಮೇಕಪ್ ತೆಗೆಯುವುದಕ್ಕೂ ಒಡೆದ ತುಟಿಗೂ. ತೋಟದ ಗೋರಂಟಿ ಕೈಗೆ. ಸೀಗೆ, ಅಂಟುವಾಳಗಳ ನೀರು ಕಣ್ಣಿಗೆ ಬಿದ್ದರೆ ಬಹಳ ಉರಿಯುತ್ತದೆ. ಮಕ್ಕಳ ತಲೆ ತೊಳೆಯುವಾಗ ಎಚ್ಚರ ಬೇಕು. ಬೇಗ ಕಪ್ಪಾಗುತ್ತದೆಂದು ಮಾರುವ ‘ಕಪ್ಪು ಮೆಹಂದಿ’ಯಲ್ಲಿ ಕೂದಲಿನ ಡೈಯ ರಾಸಾಯನಿಕವಿರಬಹುದಾದ್ದರಿಂದ ಅದನ್ನು ಗೋರಂಟಿಯ ಬದಲು ಬಳಸಬಾರದು. ಸನ್‌ಸ್ಕ್ರೀನನ್ನು ಮಾತ್ರ ಮನೆಯಲ್ಲಿ ತಯಾರಿಸಲು ಹೋಗಬೇಡಿ. ಎಷ್ಟು ರಕ್ಷಣೆ ಸಿಗುತ್ತದೆ ಎಂದು ಅಳೆಯುವ ದಾರಿ ನಮ್ಮಲ್ಲಿಲ್ಲ.

ವೈದ್ಯರು ಬರೆದುಕೊಟ್ಟ ಮೊಡವೆಯ ಮುಲಾಮು, ಹೊಟ್ಟಿನ ಶಾಂಪೂಗಳನ್ನು ಈ ಪಟ್ಟಿಯಿಂದ ಹೊರಗಿಡಿ. ಅವು ಕಾನೂನಿನ ಪ್ರಕಾರ ಔಷಧಗಳು, ಔಷಧಗಳ ಪರೀಕ್ಷೆಯ ನಿಯಮಗಳೇ ಬೇರೆ. 2023ರ ಮಾರ್ಚ್‌ನಲ್ಲಿ ಭಾರತ ತನ್ನ ನಿಯಮಗಳನ್ನು ತಿದ್ದಿ, ಹೊಸ ಔಷಧಗಳ ಪರೀಕ್ಷೆಗೆ ಪ್ರಾಣಿಗಳಿಲ್ಲದ ವಿಧಾನಗಳಿಗೂ ಅವಕಾಶ ಕೊಟ್ಟಿದೆ. ಆ ಬದಲಾವಣೆ ನಡೆಯುವವರೆಗೆ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು ಸರಿಯಲ್ಲ.

ಬ್ಯೂಟಿ ಪಾರ್ಲರ್, ಮದುವೆಮನೆ, ಪಟ್ಟಿಯ ನವೀಕರಣ

ಮನೆಯಲ್ಲಿ ಎಲ್ಲವನ್ನೂ ಬದಲಿಸಿದ ಮೇಲೂ ಬ್ಯೂಟಿ ಪಾರ್ಲರಿನಲ್ಲಿ ಏನು ಹಚ್ಚುತ್ತಾರೆ ಎಂಬುದು ನಮ್ಮ ಕೈಯಲ್ಲಿರುವುದಿಲ್ಲ. ಫೇಶಿಯಲ್, ಕೂದಲಿನ ಡೈಗಳಿಗೆ ನಿಮ್ಮದೇ ಸಾಮಾನು ಒಯ್ದರೆ ಬೇಡವೆನ್ನುವವರು ಕಡಿಮೆ. ಮುಂಚೆಯೇ ಒಂದು ಮಾತು ಕೇಳಿಟ್ಟಿರಿ. ಮದುವೆಗೆ ಅಲಂಕಾರ ಮಾಡುವವರನ್ನು ಗೊತ್ತುಮಾಡುವಾಗಲೇ ಬ್ರಷ್, ಕೃತಕ ರೆಪ್ಪೆ, ಲಿಪ್‌ಸ್ಟಿಕ್‌ಗಳ ಬಗ್ಗೆ ನಿಮ್ಮ ಇಚ್ಛೆಯನ್ನು ಹೇಳಿ. ಮುಹೂರ್ತದ ದಿನ ಬೆಳಿಗ್ಗೆ ಹೇಳಿದರೆ ಅವರಿಗೂ ಕಷ್ಟ. ಮನೆಯ ಹಿರಿಯರಿಗೆ ಇಷ್ಟು ವರ್ಷದ ಸೋಪನ್ನು ಬಿಡಿ ಎನ್ನುವ ಬದಲು, ಅವರ ಸೋಪಿನ ಕಂಪನಿಗೆ ನೀವೇ ಪತ್ರ ಬರೆದು ಉತ್ತರ ತರಿಸುವುದು ಒಳ್ಳೆಯದು. ಬದಲಿಸುವ ಅಗತ್ಯವೇ ಇಲ್ಲವೆಂದು ತಿಳಿದುಬರಲೂಬಹುದು.

ನಿಮ್ಮ ಹಾಳೆಯನ್ನು ವರ್ಷಕ್ಕೊಮ್ಮೆ ತೆಗೆದು ನೋಡಿ. ಕಂಪನಿಗಳು ಕೈಬದಲಾಗುತ್ತವೆ, ಹೊಸ ದೇಶಗಳಲ್ಲಿ ಮಾರಾಟ ಆರಂಭಿಸುತ್ತವೆ, ಹಳೆಯ ಹೆಸರಿನಲ್ಲೇ ಘಟಕಗಳನ್ನು ಬದಲಿಸುತ್ತವೆ. ಕಳೆದ ವರ್ಷ ಪಟ್ಟಿಯಲ್ಲಿದ್ದ ಹೆಸರು ಈ ವರ್ಷ ಇಲ್ಲದಿರಬಹುದು, ಇಲ್ಲದಿದ್ದುದು ಸೇರಿರಬಹುದು. ಉತ್ತರ ಕೊಡದ ಕಂಪನಿಗೆ ಆಗ ಇನ್ನೊಮ್ಮೆ ಬರೆಯಿರಿ, ಹಿಂದಿನ ಪತ್ರದ ದಿನಾಂಕವನ್ನು ಅದರಲ್ಲಿ ನಮೂದಿಸಿ.